ಕೇಳಿಸದೆ ಅಚ್ಚಿಗೆ ಕೊಡದವರು

ಕಥೆ ಬರೆದು ಮುಗಿಸಿದವರು ಸಾಮಾನ್ಯವಾಗಿ ಅದನ್ನು ಪತ್ರಿಕೆಗೆ ಕಳಿಸುತ್ತಾರೆ. ನಮ್ಮ ಕೈಸರ್ ಮಾಸ್ಟರು ಬಸ್ಸು ಹತ್ತುತ್ತಾರೆ. ಕಥೆಯೊಳಗೆ ಯಾರ ಬದುಕಿನ ಎಳೆ ಸೇರಿದೆಯೋ ಆ ಮನುಷ್ಯ ಕುರುಗೋಡಿನಲ್ಲಿರಲಿ, ರಾರಾವಿಯಲ್ಲಿರಲಿ, ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿ, "ಇದರಾಗ ನಿಮಗ ಬ್ಯಾಡಾದದ್ದು ಏನರ ಐತೇನ್ರಿ?" ಎಂದು ಕೇಳಿ, ಬೇಡವೆಂದದ್ದನ್ನು ಅವರೆದುರಿಗೇ ಹೊಡೆದುಹಾಕಿ, ಉಳಿದದ್ದನ್ನು ಮಾತ್ರ ಕಥೆಯೆಂದು ಕರೆಯುವ ಈ ವ್ರತವನ್ನು ಇಪ್ಪತ್ತು ವರ್ಷಗಳಲ್ಲಿ ಅವರು ಒಮ್ಮೆಯೂ ಮುರಿದದ್ದಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಸಾಹಿತ್ಯ ಬೋಧಿಸಿ, ನಿವೃತ್ತಳಾದ ಮೇಲೆ ಸುಮ್ಮನೆ ಕೂರಲಾರದೆ ಬಳ್ಳಾರಿಯಿಂದ ತ್ರೈಮಾಸಿಕವೊಂದನ್ನು ಹೊರಡಿಸಲು ಹೋದ ನನಗೆ ಈ ವ್ರತದಿಂದ ಆದ ತಾಪತ್ರಯ ಅಷ್ಟಿಷ್ಟಲ್ಲ.

ಮಾಸ್ಟರು ಎಂದರೆ ಶಾಲೆಯ ಮೇಷ್ಟರಲ್ಲ. ಕೌಲ್ ಬಜಾರಿನ ಜೀನ್ಸ್ ಕಾರ್ಖಾನೆಯೊಂದರಲ್ಲಿ ಅವರು ಕಟಿಂಗ್ ಮಾಸ್ಟರು. ಉದ್ದನೆಯ ಮೇಜಿನ ಮೇಲೆ ಪದರ ಪದರವಾಗಿ ಹಾಸಿದ ನೀಲಿ ಬಟ್ಟೆಗೆ ಬಾಗಿ ಬಾಗಿ ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿದೆ. ಹೀಗಾಗಿ ಬರಿಗೈಯಲ್ಲಿ ಬರುವಾಗಲೂ ನೀರಿನ ಕೊಡ ಹೊತ್ತವರ ಹಾಗೆ ವಾಲಿಕೊಂಡೇ ಬರುತ್ತಾರೆ. ನಡೆಯುತ್ತಿರುವಾಗ ವಾಕ್ಯವೊಂದು ಹೊಳೆಯಿತೋ, ಮುಗಿಯಿತು, ಕಾಲು ಅಲ್ಲೇ ಕೀಲಿಸಿದಂತೆ ನಿಲ್ಲುತ್ತದೆ. ಒಮ್ಮೆ ಮೋತಿ ವೃತ್ತದ ನಟ್ಟನಡುವೆ ಹೀಗೆ ನಿಂತು ಆಟೋದವನಿಂದ ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಯಥೇಚ್ಛ ಬೈಸಿಕೊಂಡು, "ಭಾಳ ಚೊಲೊ ಬೈದಾನ್ರಿ ಮೇಡಂ, ಬರಕೊಂಡೀನಿ" ಎಂದು ನನಗೆ ಬಂದು ಹೇಳಿದ್ದರು. ಮೇ ತಿಂಗಳ ಬಿಸಿಲಿಗೆ ಊರಿಗೆ ಊರೇ ಹಂಚಿನ ಮೇಲಿನ ರೊಟ್ಟಿಯಾಗಿರುವಾಗಲೂ ಅವರ ಮೈಮೇಲೆ ಜೀನ್ಸಿನ ತುಂಡುಗಳನ್ನು ಜೋಡಿಸಿ ತಾವೇ ಹೊಲಿದುಕೊಂಡ, ತೋಳಿಲ್ಲದ ಒಂದು ಜಾಕೆಟ್ಟು ಇರಲೇಬೇಕು. ಅದರಲ್ಲಿ ಏಳು ಬಗೆಯ ನೀಲಿಯಿದೆ, ಒಂಬತ್ತು ಜೇಬುಗಳಿವೆ. ಈ ಬರಹವನ್ನು ಅವರಿಗೆ ಓದಿ ಕೇಳಿಸಿದಾಗ ಜಾಕೆಟ್ಟಿನ ಮಾತೊಂದು ಬೇಡವೆಂದರು; ನಾನು ಅವರಷ್ಟು ಒಳ್ಳೆಯವಳಲ್ಲ, ಹಾಗೇ ಉಳಿಸಿಕೊಂಡಿದ್ದೇನೆ.

ಅವರು ಮೊದಲ ಸಲ ಮನೆಗೆ ಬಂದಾಗ ಕಂಕುಳಲ್ಲಿ ಖಾಕಿ ಕಾಗದದ ಸುರುಳಿಯಿತ್ತು. ಪ್ಯಾಂಟಿನ ಅಳತೆ ಕತ್ತರಿಸಿ ಉಳಿದ ದಪ್ಪ ಕಾಗದ. ಅದರ ಮೇಲೆ ಕಥೆ. ಒಂದು ಹಾಳೆ ಮೊಣಕಾಲಿನಂತೆ ಬಾಗಿದೆ, ಇನ್ನೊಂದು ಜೇಬಿನಂತೆ ಕೊರೆದಿದೆ, ಸಾಲುಗಳು ಆ ಅಂಕುಡೊಂಕಿನ ಅಂಚಿಗೆ ಹೊಂದಿಕೊಂಡು ಸಾಗಿವೆ.

"ನೆಟ್ಟಗಿನ ಬಿಳಿ ಹಾಳೆ ಸಿಗಲಿಲ್ಲವೇನ್ರಿ ನಿಮಗೆ?" ಎಂದು ನಾನು ಗದರಿದೆ.

"ಬಿಳಿ ಹಾಳಿ ಕಂಡರ ಕೈ ನಡಗತೈತ್ರಿ. ಇದು ಹೆಂಗಿದ್ರೂ ರದ್ದಿ. ರದ್ದಿ ಮ್ಯಾಲ ತಪ್ಪು ಬರದರ ಯಾರೂ ಬೈಯಂಗಿಲ್ಲ."

ಓದಿದೆ. ಓದುತ್ತ ಓದುತ್ತ ನನ್ನ ಸಂಪಾದಕಿಯ ಗತ್ತು ಇಳಿದು ಹೋಯಿತು. ಪ್ರಕಟಿಸುತ್ತೇನೆ ಎಂದೆ. "ಇನ್ನೂ ಕೇಳಿಸಿ ಬಂದಿಲ್ರಿ" ಎಂದು ಸುರುಳಿ ಸುತ್ತಿಕೊಂಡು ಹೊರಟೇಬಿಟ್ಟರು! ಯಾಕೆ ಈ ಉಸಾಬರಿ ಎಂದು ಕೇಳಿದ್ದಕ್ಕೆ ತಮ್ಮ ಕಸುಬಿನ ಮಾತು ಹೇಳಿದರು. "ನಾವು ಅರವತ್ತು ಪದರ ಹಾಸಿ ಒಮ್ಮೆಲೆ ಕೊಯ್ಯೋರು ಮೇಡಂ. ಮ್ಯಾಲಿನ ಗೆರಿ ಒಂದು ನೂಲು ತಪ್ಪಿದರ ಅರವತ್ತು ಪ್ಯಾಂಟೂ ಕುಂಟತಾವು. ಪ್ರಿಂಟ್ ಆಗೋದೂ ಹಂಗ ಅಲ್ಲೇನ್ರಿ? ಕೊಯ್ಯೋದಕ್ಕಿಂತ ಮೊದಲ ಕೇಳಬೇಕು."

ಈ ಕೇಳುವ ಯಾತ್ರೆಗಳ ಪ್ರಸಂಗಗಳನ್ನೇ ಬರೆದರೆ ಒಂದು ಪುಸ್ತಕವಾದೀತು. ಕುರುಗೋಡಿನಲ್ಲಿ ಚಹಾ ಅಂಗಡಿಯ ಚಿನ್ನಪ್ಪ ತನ್ನ ಕಥೆಯನ್ನು ಪೂರ್ತಿ ಕೇಳಿ, ತಾನು ತಮ್ಮನಿಗೆ ಮಾಡಿದ ಮೋಸದ ವಿಷಯ ಇರಲಿ ಬಿಡು ಎಂದು ಉದಾರವಾಗಿ ಒಪ್ಪಿ, ಆದರೆ ಮೀಸೆಯನ್ನು ತೆಳು ಎಂದು ಬರೆದದ್ದಕ್ಕೆ ಕೆಂಡಾಮಂಡಲವಾದನಂತೆ. ಮೀಸೆ ದಪ್ಪವಾಗುವವರೆಗೂ ಮಾಸ್ಟರನ್ನು ಅಂಗಡಿಯಿಂದ ಏಳಗೊಡಲಿಲ್ಲ. ತೆಕ್ಕಲಕೋಟೆಯ ಹುಲುಗಮ್ಮನದು ಬೇರೆಯೇ ದಾರಿ. ಮೆಣಸಿನಕಾಯಿ ಬಿಡಿಸುತ್ತ ಕುಳಿತೇ ಕಥೆ ಕೇಳಿದ ಆಕೆ, "ನಾ ಅತ್ತಿದ್ದು ತಗಿಯಪ್ಪಾ. ನಾ ಅವತ್ತು ಅತ್ತಿಲ್ಲ, ಸಿಟ್ಟಿಗೆದ್ದಿದ್ದೆ. ನೀವು ಬರಿಯೋರು ಹೆಂಗಸರನ್ನ ಯಾಕ ಬರೇ ಅಳಿಸತೀರಿ?" ಎಂದಳಂತೆ. ಸಾಹಿತ್ಯ ವಿಮರ್ಶೆಯ ಅಷ್ಟು ಪಾಠ ಹೇಳಿದವಳು ನಾನು, ಈ ಪ್ರಶ್ನೆಯನ್ನು ತರಗತಿಯಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ನಾಚಿಕೆಯಾಯಿತು.

ಪ್ರಶ್ನೆಗಳಿಗೆ ಮಾಸ್ಟರಲ್ಲೂ ಬರವಿರಲಿಲ್ಲ. ಭಾನುವಾರ ಬೆಳಗ್ಗೆ ಬಂದು, ಕೊಟ್ಟ ಮಂಡಕ್ಕಿ ಒಗ್ಗರಣೆಯನ್ನು ಆರಗೊಟ್ಟು, "ಹಸಿವಾದರ ಹೊಟ್ಟಿ ಹೇಳತೈತಿ, ನಿದ್ದಿ ಬಂದರ ಕಣ್ಣು ಹೇಳತಾವು. ಬರೀಬೇಕು ಅನ್ನೋದನ್ನ ಯಾವುದು ಹೇಳತೈತ್ರಿ ಮೇಡಂ?" ಎಂದು ಕೇಳುತ್ತಿದ್ದರು. ನಾನು ಪ್ರತಿಭೆ, ಸ್ಫೂರ್ತಿ, ಸಂಸ್ಕಾರ ಎಂದು ಏನೇನೋ ಒದರುತ್ತಿದ್ದೆ. ಅವರು ವಿನಯದಿಂದ ತಲೆಯಾಡಿಸಿ, ಮುಂದಿನ ಭಾನುವಾರ ಅದನ್ನೇ ಮತ್ತೆ ಕೇಳುತ್ತಿದ್ದರು.

ಒಂದು ದಿನ ಆ ಭಾನುವಾರಗಳು ನಿಂತುಹೋದವು. ಅದಕ್ಕೆ ಕಾರಣ ಅವರು ಬರೆದ ಅತ್ಯುತ್ತಮ ಕಥೆ.

ಮಾಸ್ಟರ ತಂದೆ ರಾಜೇಸಾಬರು ಸಿರುಗುಪ್ಪದಲ್ಲಿ ಗಾದಿ ಹೊಲಿಯುತ್ತಿದ್ದವರು. ಮನೆ ಮನೆಗೆ ಹೋಗಿ, ಹಳೆಯ ಗಾದಿ ಬಿಚ್ಚಿ, ಹತ್ತಿ ಹಿಂಜಿ, ತುಂಬಿ ಹೊಲಿದು ಬರುವ ಕಸುಬು. ಅವರ ಹಿರಿಯ ಮಗಳು ಮಾಸುಮಾಬಿ ತಂದೆಯ ಜೊತೆ ಹೋಗಿ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವಳು, ತಮ್ಮನಿಗಿಂತ ಆರು ವರ್ಷ ದೊಡ್ಡವಳು, ಅವನಿಗೆ ಅಕ್ಷರ ಕಲಿಸಿದವಳು. ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಗುಟ್ಟಾಗಿ ಬರೆದಿಡುವ ಹುಚ್ಚು ಮೊದಲು ಹಿಡಿದದ್ದು ಅವಳಿಗೆ. ಏಳನೆಯ ತರಗತಿಯಲ್ಲಿದ್ದಾಗ ಒಂದು ದಿನ ಹತ್ತಿಯ ರಾಶಿಯೊಳಗೆ ಆ ನೋಟ್‌ಬುಕ್ಕು ತಂದೆಯ ಕೈಗೆ ಸಿಕ್ಕಿತು; ಶಾಲೆಯೂ ಬರವಣಿಗೆಯೂ ಅಂದಿಗೇ ಮುಗಿದವು. ಇದಿಷ್ಟೇ ಕಥೆ. ಓದಿ ನಾನು ಕಣ್ಣೊರೆಸಿಕೊಂಡೆ; ಒರೆಸಿಕೊಂಡವಳೇ ಮುದ್ರಣಕ್ಕೆ ಕೊಟ್ಟೆ. ಅಕ್ಕನಿಗೆ ಕೇಳಿಸುವುದು ಬಾಕಿ ಇದೆ ಎಂದು ಮಾಸ್ಟರು ಹೇಳಿದ್ದರು. ಸ್ವಂತ ಅಕ್ಕ, ಬೇಡ ಎನ್ನುತ್ತಾಳೆಯೇ ಎಂಬುದು ನನ್ನ ಧೈರ್ಯ.

ಸೋಮವಾರ ಮಾಸ್ಟರು ಸಿರುಗುಪ್ಪದ ಬಸ್ಸಿಳಿದು ನೇರವಾಗಿ ಮುದ್ರಣಾಲಯಕ್ಕೆ ಬಂದರು.

"ಅಕ್ಕ ಒಲ್ಲೆ ಅಂದಳ್ರಿ."

"ಯಾವ ಸಾಲು?"

"ಪೂರಾ. 'ಇದು ನಂದು, ನಾನ ಬರೀತೀನಿ' ಅಂದಳು."

ನನಗೆ ಸಿಟ್ಟು ನೆತ್ತಿಗೇರಿತು. ಅರವತ್ತರ ಹತ್ತಿರದ ಹೆಂಗಸು, ಪೆನ್ನು ಬಿಟ್ಟು ನಾಲ್ಕು ದಶಕ ದಾಟಿದೆ, ಯಾವಾಗ ಬರೆದಾಳು, ಯಾರು ಓದಿಯಾರು ಎಂದು ಕೂಗಾಡಿದೆ. ಅವರದು ಒಂದೇ ಮಾತು: "ಬರೀಲಿ, ಬಿಡಲಿ. ಜಾಗಾ ಅಕಿದು." ರಟ್ಟು ಕಟ್ಟುವವನ ಪಕ್ಕ ಕುಳಿತು, ಐನೂರು ಪ್ರತಿಗಳಿಂದಲೂ ಎಂಟೆಂಟು ಪುಟಗಳನ್ನು ತಾವೇ ಕಿತ್ತರು. ಆ ಸಂಚಿಕೆಯಲ್ಲಿ ನಲವತ್ತನೆಯ ಪುಟದ ನಂತರ ನಲವತ್ತೊಂಬತ್ತು ಬರುತ್ತದೆ. ಓದುಗರು ಪತ್ರ ಬರೆದು ನನ್ನನ್ನು ತಮಾಷೆ ಮಾಡಿದರು. ಆ ಕಥೆಯಿದ್ದರೆ ಮಾತ್ರ ಮಾಸ್ಟರ ಕಥಾಸಂಕಲನ ತರುತ್ತೇವೆಂದಿದ್ದ ಪ್ರಕಾಶಕರು ಕೈಬಿಟ್ಟರು. ಅದೆಲ್ಲ ಹೋಗಲಿ; ಮಾಸ್ಟರು ಹೊರಡುವಾಗ ತಿರುಗಿ ನಿಂತು, "ಅಕ್ಕ ಬರಿಯೋತನಕ ನಾನೂ ಬರಿಯಂಗಿಲ್ರಿ" ಎಂದುಬಿಟ್ಟರು.

ಒಂದಲ್ಲ, ಎರಡಲ್ಲ, ಮೂರು ವರ್ಷ. ಬರೆಯದಿರುವುದು ಅವರಿಗೆ ಎಂಥ ಸಂಕಟವೆಂಬುದನ್ನು ನಾನು ಕಾರ್ಖಾನೆಗೆ ಹೋಗಿ ಕಣ್ಣಾರೆ ಕಂಡೆ. ಬಟ್ಟೆಯ ಮೇಲೆ ಗೆರೆ ಎಳೆಯುವ ಸೀಮೆಸುಣ್ಣದಿಂದ ಮೇಜಿನ ಅಂಚಿಗೆ ಏನೋ ಒಂದು ಪದ ಬರೆದು, ಯಾರೋ ನೋಡಿಯಾರೆಂಬಂತೆ ಅಂಗೈಯಿಂದ ಒರೆಸಿದರು. ಮತ್ತೆ ಬರೆದರು, ಮತ್ತೆ ಒರೆಸಿದರು. ಮುಖ ಬತ್ತಿಹೋಗಿತ್ತು. ಇನ್ನು ಈ ಮನುಷ್ಯ ಬರೆಯಲಾರ, ಆ ಅಕ್ಕನ ಹಟ ಇವರನ್ನು ಮುಗಿಸಿತು ಎಂದು ನಾನು ಕಾಣದ ಹೆಂಗಸಿಗೆ ಮನಸಾರೆ ಶಾಪ ಹಾಕಿದೆ.

ಈ ವರ್ಷ ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಅವರ ಫೋನು ಬಂತು. "ಅಕ್ಕ ಬಾ ಅಂದಾಳ್ರಿ. ನಿಮ್ಮನ್ನೂ ಕರಕೊಂಡು ಬಾ ಅಂದಾಳ."

ಸಿರುಗುಪ್ಪದಲ್ಲಿ, ಅಕ್ಕಿ ಗಿರಣಿಯ ಹಿಂದಿನ ಓಣಿಯ ಚಿಕ್ಕ ಮನೆ. ಮಾಸುಮಾಬಿ ಎತ್ತರದ ಹೆಂಗಸು. ತೆಳ್ಳನೆಯ ಕೈಗಳು, ಗಂಟುಬಿದ್ದ ಬೆರಳುಗಳು. ಮೊಮ್ಮಗಳು ಆಫ್ರೀನಳ ಹಳೆಯ ಗಣಿತದ ನೋಟ್‌ಬುಕ್ಕು ತಂದು, ಕೊನೆಯ ಖಾಲಿ ಹಾಳೆಗಳನ್ನು ತೆರೆದರು. ಮೂರು ವರ್ಷದಲ್ಲಿ ನಾಲ್ಕು ಪುಟ.

"ಕುಂದ್ರಲೇ ಕೈಸರ. ಇದರಾಗ ನೀನೂ ಅದಿ. ಕೇಳು, ಬ್ಯಾಡಾದದ್ದು ಇದ್ದರ ಹೇಳು" ಎಂದು ಓದತೊಡಗಿದರು.

ಯಾವುದೋ ಮನೆಯಲ್ಲಿ ಗಾದಿ ಹೊಲಿಯುತ್ತಿದ್ದಾಗ ಒಳಗಿನ ಕೋಣೆಯಲ್ಲಿ ಗಂಡ ಹೆಂಡತಿ ಆಡಿದ ಜಗಳವನ್ನು ಆ ಹುಡುಗಿ ಮಾತು ಬಿಡದೆ ಬರೆದಿದ್ದಳು. ಅದು ತಂದೆಗೆ ಗೊತ್ತಾಯಿತು. ಅವರು ಹೊಡೆಯಲಿಲ್ಲ. "ಮಂದಿ ಮನಿ ಒಳಗ ಹೋಗೋರು ನಾವು. ಅಲ್ಲಿ ಕೇಳಿದ್ದು ಅಲ್ಲೇ ಬಿಟ್ಟು ಬರಬೇಕವ್ವಾ" ಎಂದು ಹೇಳಿ, ನೋಟ್‌ಬುಕ್ಕನ್ನು ಮನೆಯಲ್ಲೇ ಹೊಲಿಯುತ್ತಿದ್ದ ಹೊಸ ಗಾದಿಯ ಹತ್ತಿಯ ನಡುವೆ ಇಟ್ಟು, ಅವಳ ಕಣ್ಣೆದುರೇ ಹೊಲಿದುಬಿಟ್ಟರು. ಗಾದಿ ಗಿರಾಕಿಯ ಮನೆಗೆ ಹೋಯಿತು. ಯಾರು ಅದರ ಮೇಲೆ ಮಲಗಿದರೋ ಅವಳಿಗೆ ತಿಳಿಯಲಿಲ್ಲ. ನೋಟ್‌ಬುಕ್ಕು ತಂದೆಯ ಕೈ ಸೇರಿದ ಬಗೆಯನ್ನು ಮಾತ್ರ ಮಾಸುಮಾಬಿ ಒಂದೇ ಸಾಲಿನಲ್ಲಿ ಮುಗಿಸಿದ್ದರು: 'ಮನೆಯವರೊಬ್ಬರು ಅಪ್ಪನಿಗೆ ತೋರಿಸಿದರು.'

ಓದು ಮುಗಿಯಿತು. ಮಾಸ್ಟರು ನೋಟ್‌ಬುಕ್ಕಿಗೆ ಬಾಗಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಅಕ್ಕಾ, ಆ ಸಾಲು ತಿದ್ದು. 'ಮನೆಯವರೊಬ್ಬರು' ಅನಬ್ಯಾಡ. ಕೈಸರ ಅಂತ ಬರಿ."

ಮಾಸುಮಾಬಿ ಪುಸ್ತಕ ಮುಚ್ಚಿದರು. "ಏಳು ವರ್ಸದ ಕೂಸು ನೀನು. ನಮ್ಮಕ್ಕ ಎಷ್ಟು ಚೊಲೊ ಬರದಾಳ ನೋಡಪ್ಪಾ ಅಂತ ಕುಣಕೋತ ತೋರಿಸಿದ್ದಿ. ಅದನ್ನ ಯಾಕ ಬರೀಲಿ? ನಾಳಿ ಮಕ್ಕಳು ಮರಿ ಓದತಾವು."

"ಓದಲಿ. ನಿನ್ನನ್ನ ಒಂದು ಮಾತು ಕೇಳದ ತೋರಿಸಿದೆ. ನನ್ನ ಕಥಿಯಾಗ ಅದನ್ನ ಬಿಟ್ಟೆ. ಮರತು ಬಿಟ್ಟಿದ್ದಲ್ಲಕ್ಕಾ, ಅಂಜಿ ಬಿಟ್ಟಿದ್ದು."

"ಗೊತ್ತೈತಿ ಬಿಡು. ನಿನ್ನ ಹೆಸರಿನ ಕೆಳಗ ಸುಳ್ಳು ಅಚ್ಚಾಗಬಾರದು ಅಂತ ಒಲ್ಲೆ ಅಂದಿದ್ದೆ" ಎಂದರು ಅಕ್ಕ, ಮೆಲ್ಲಗೆ. ಆಮೇಲೆ ನೋಟ್‌ಬುಕ್ಕು ಬಿಚ್ಚಿ, ಪದವನ್ನು ಹೊಡೆದು, ಮೇಲೆ ತಮ್ಮನ ಹೆಸರು ಬರೆದರು. ಐವತ್ತಾರರ ಆ ಮನುಷ್ಯ ನಮ್ಮಿಬ್ಬರೆದುರು ಗಳಗಳನೆ ಅತ್ತರು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಆ ನಾಲ್ಕು ಪುಟಗಳು ಮಾಸುಮಾಬಿಯ ಹೆಸರಿನಲ್ಲಿ ನಮ್ಮ ಸಂಚಿಕೆಯಲ್ಲಿ ಬಂದಿವೆ. ಮಾಸ್ಟರು ಮತ್ತೆ ಬರೆಯುತ್ತಿದ್ದಾರೆ. ಬರೆಯುವ ಹುಚ್ಚು ಹಿಡಿದವರನ್ನು ನಾನು ಬದುಕಿನುದ್ದಕ್ಕೂ ಕಂಡಿದ್ದೇನೆ. ಕೀರ್ತಿಗೆಂದು, ಸಮಾಜಕ್ಕೆಂದು, ಆತ್ಮಸಂತೋಷಕ್ಕೆಂದು ಅವರು ಹೇಳಿಕೊಳ್ಳುವ ಕಾರಣಗಳನ್ನು ನಂಬಿ ಪಾಠವನ್ನೂ ಮಾಡಿದ್ದೇನೆ. ಮಾಸ್ಟರಂಥವರು ಬೇರೆ. ಊರೂರು ತಿರುಗಿ ಚಿನ್ನಪ್ಪನ ಮೀಸೆಯನ್ನೂ ಹುಲುಗಮ್ಮನ ಸಿಟ್ಟನ್ನೂ ಕೂದಲೆಳೆಯಷ್ಟೂ ತಪ್ಪದಂತೆ ಬರೆಯುವ ಇವರಿಗೆ ತಮ್ಮದೇ ಒಂದು ಸಾಲು ಮಾತ್ರ ಜೀವಮಾನವಿಡೀ ಬರೆಯಲು ಬಾರದು. ಅದೊಂದನ್ನು ಬರೆಯಲಾಗದ್ದರಿಂದಲೇ ಉಳಿದದ್ದನ್ನೆಲ್ಲ ಬರೆಯುತ್ತಾರೆ. ಆ ಸಾಲು ಗೊತ್ತಿದ್ದೂ ಅದನ್ನು ಮುಚ್ಚಿಟ್ಟು ಪ್ರೀತಿಸುವ ಒಬ್ಬರು ಎಲ್ಲೋ ಇರುತ್ತಾರೆ, ಆದರೆ ಇಂಥ ಬರಹಗಾರರಲ್ಲಿ ಹೆಚ್ಚಿನವರು ಅವರ ಮನೆಯ ತನಕ ಹೋಗುವುದೇ ಇಲ್ಲ.