ಕಿವಿ ಮೇಸ್ತ್ರಿಯ ಹ್ಞೂಂ

ಕಿವಿ ಮೇಸ್ತ್ರಿಗೆ ಆ ಹೆಸರು ಬಂದದ್ದು ಅವನ ಸ್ಕ್ರೂಡ್ರೈವರ್‌ನಿಂದ. ಅದರ ತುದಿಯನ್ನು ಓಡುತ್ತಿರುವ ಇಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತನೆಂದರೆ ಸ್ಕೂಟರಿನ ಹೊಟ್ಟೆಯೊಳಗಿನ ಗುಟ್ಟೆಲ್ಲ ರಟ್ಟು. ಇಂಥವನಿಗೆ ತನ್ನದೇ ಎಡಗಿವಿ ವರ್ಷದಿಂದ ಸೋರುತ್ತಿದ್ದದ್ದು ಒಂದು ವಿಷಯವೇ ಅನಿಸಿರಲಿಲ್ಲ. ಹೆಂಡತಿ ಹೇಳಿ ಹೇಳಿ ಸೋತಿದ್ದಳು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

ಒಂದು ಬೆಳಿಗ್ಗೆ ಡಾಕ್ಟರಮ್ಮ ಆಸ್ಪತ್ರೆಯ ತುರ್ತು ಕೋಣೆಗೆ ಬಂದಾಗ ಅವನು ಅಲ್ಲಿನ ಮಂಚದ ಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ಮಲಗಿದ್ದ. ಅವಳ ಸ್ಕೂಟರ್ ಎಂಟು ವರ್ಷದಿಂದ ಅವನ ಸುಪರ್ದಿಯಲ್ಲೇ ಇತ್ತು.

"ಮಾಮೂಲಿ ಜ್ವರ, ತಲೆನೋವು ಮೇಡಮ್," ಎಂದ ಕಿರಿಯ ಡಾಕ್ಟರು. "ಹೆಸರು, ವಾರ, ತಾರೀಖು ಎಲ್ಲ ಸರಿಯಾಗಿ ಹೇಳಿದ್ರು. ಮಾತ್ರೆ ಕೊಟ್ಟು ಕಳಿಸಲಾ?"

"ತಾರೀಖು ಎದುರುಗಡೆ ಗೋಡೆ ಮೇಲೇ ನೇತಾಡ್ತಿದೆಯಲ್ಲಪ್ಪ!" ಎಂದಳು ಮೇಸ್ತ್ರಿಯ ಹೆಂಡತಿ. "ಡಾಕ್ಟ್ರಮ್ಮ, ನಿನ್ನೆ ಇವ್ರು ಹತ್ತನೇ ನಂಬರ್ ಸ್ಪ್ಯಾನರ್ ಬದ್ಲು ಹನ್ನೆರಡರದ್ದು ಎತ್ಕೊಂಡ್ರು. ಮೂರು ಸಲ."

ಕಿರಿಯ ಡಾಕ್ಟರು ನಕ್ಕ. ಡಾಕ್ಟರಮ್ಮ ನಗಲಿಲ್ಲ. ತುತ್ತು ಬಾಯಿಗೆ ಹೋಗುವ ಹಾಗೆ ಆ ಕೈ ನೋಡದೆಯೇ ಸರಿಯಾದ ಸ್ಪ್ಯಾನರಿಗೆ ಹೋಗುವುದನ್ನು ಅವಳು ಎಷ್ಟು ಸಲ ಕಂಡಿದ್ದಳೋ. ಮೇಸ್ತ್ರಿಯ ತಲೆಯ ಕೆಳಗೆ ಕೈಯಿಟ್ಟು, ಗದ್ದವನ್ನು ಎದೆಗೆ ತಾಗಿಸಲು ಎತ್ತಿದಳು. ಕುತ್ತಿಗೆ ಕೊರಡಿನಂತೆ ಬಿಗಿದಿತ್ತು. ಮೊಣಕಾಲುಗಳು ತಾವಾಗಿಯೇ ಮಡಿಚಿಕೊಂಡವು.

"ಕಿವಿಯ ಕೀವು ಮೆದುಳಿನ ಪೊರೆಗೆ ಹೋಗಿರಬೇಕು," ಎಂದಳು. "ರಕ್ತ ತೆಗೀರಿ. ಆಮೇಲೆ ಮೊದಲು ಸ್ಟೀರಾಯ್ಡ್, ಅದರ ಬೆನ್ನಿಗೇ ಆಂಟಿಬಯಾಟಿಕ್."

"ಬೆನ್ನುಹುರಿ ನೀರಿನ ರಿಪೋರ್ಟ್ ಬರೋವರೆಗೂ ಕಾಯೋದು ಬೇಡ್ವಾ?"

"ಬೇಡ. ಒಂದೊಂದು ಗಂಟೇನೂ ದುಬಾರಿ. ಬ್ಯಾಕ್ಟೀರಿಯಾ ಸಾಯುವಾಗ ಊತ ಎಬ್ಬಿಸಿ ಕಿವೀನೂ ಹಾಳುಮಾಡಿ ಹೋಗತ್ತೆ, ಅದಕ್ಕೇ ಸ್ಟೀರಾಯ್ಡ್ ಮುಂಚೆ. ಇವರ ಅನ್ನ ಇರೋದೇ ಕಿವೀಲಿ."

ಮದ್ದು ಹೋದ ಮೇಲೆ ಅವನನ್ನು ಮಗ್ಗುಲಾಗಿ ಮುದುಡಿಸಿ ಬೆನ್ನಿಗೆ ಸೂಜಿ ಹಾಕಿದರು. ತಿಳಿನೀರಿನಂತಿರಬೇಕಾದದ್ದು ಮಬ್ಬಾಗಿ ತೊಟ್ಟಿಕ್ಕಿತು. ಗಂಟೆಯೊಳಗೆ ಲ್ಯಾಬ್‌ನಿಂದ ಫೋನ್ ಬಂತು: ತುಂಬ ಕೀವಿನ ಕಣಗಳು, ಜೋಡಿ ಜೋಡಿ ಬ್ಯಾಕ್ಟೀರಿಯಾ. ಕಿರಿಯ ಡಾಕ್ಟರು ಮಾತ್ರೆ ಚೀಟಿಯನ್ನು ಸದ್ದಿಲ್ಲದೆ ಹರಿದು ಹಾಕಿದ.

ನಾಲ್ಕನೇ ದಿನಕ್ಕೆ ಜ್ವರ ಇಳಿಯಿತು. ಬೀಸೋ ದೊಣ್ಣೆ ತಪ್ಪಿತೆಂದು ಡಾಕ್ಟರಮ್ಮ ನಿಟ್ಟುಸಿರು ಬಿಟ್ಟಳು. ಜೀವ ಉಳಿದಿತ್ತು, ಕಿವಿಯದ್ದೊಂದು ಗೊತ್ತಾಗಬೇಕಿತ್ತು.

ಆರನೇ ದಿನ ಮೇಸ್ತ್ರಿಯ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಅವಳ ಕೋಣೆಗೆ ಬಂದಳು. "ಕಿವಿ ಹೋಯ್ತು ಡಾಕ್ಟ್ರಮ್ಮ. ಏನು ಹೇಳಿದ್ರೂ ಹ್ಞೂಂ ಅಂತಾರೆ. ಗ್ಯಾರೇಜಿಗೆ ಸುಣ್ಣ ಹೊಡೆಸೋಣ ಅಂದೆ, ಹ್ಞೂಂ. ನಮ್ಮಕ್ಕ ಬಂದು ಒಂದು ತಿಂಗಳು ಇರ್ತಾಳೆ ಅಂದೆ, ಅದಕ್ಕೂ ಹ್ಞೂಂ! ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ಒಂದು ಸಲಾನೂ ಹೀಗೆ ಒಪ್ಪಿದ್ದಿಲ್ಲ."

ಡಾಕ್ಟರಮ್ಮನಿಗೆ ನಗು ಬಂತು. ಮರುಕ್ಷಣವೇ ಅದು ಅಡಗಿತು. ಸ್ಪ್ಯಾನರ್ ವಿಷಯವನ್ನೂ ಇದೇ ಹೆಂಗಸು ಹೇಳಿದ್ದಲ್ಲವೇ? ಕಿವಿ ಪರೀಕ್ಷೆಯ ಯಂತ್ರದವರು ಬರುವುದು ಎರಡು ದಿನ ಬಿಟ್ಟು. ಅಲ್ಲಿಯವರೆಗೆ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ನೇರವಾಗಿ ಅಂಗಳಕ್ಕಿಳಿದು, ಮೇಸ್ತ್ರಿಯ ವಾರ್ಡಿನ ಕಿಟಕಿಯ ಕೆಳಗೆ ತನ್ನ ಸ್ಕೂಟರ್ ನಿಲ್ಲಿಸಿ ಸ್ಟಾರ್ಟ್ ಮಾಡಿದಳು. ಆ ವಾರ ವಿಧಿಯಿಲ್ಲದೆ ಅದನ್ನು ಬೇರೆ ಗ್ಯಾರೇಜಿಗೆ ಕೊಟ್ಟಿದ್ದಳು. ಅವಳ ಕಿವಿಗೆ ಅದು ಚೆನ್ನಾಗಿಯೇ ಓಡುತ್ತಿತ್ತು.

ಕಿಟಕಿಯಲ್ಲಿ ಯಾರೂ ಕಾಣಲಿಲ್ಲ. ಇನ್ನೇನು ಆಫ್ ಮಾಡಬೇಕು, ಸರಳುಗಳ ಹಿಂದೆ ಒಂದು ಬಡಕಲು ಮುಖ ಮೂಡಿತು.

"ಡಾಕ್ಟ್ರಮ್ಮ, ನಿಲ್ಸಿ ಅದನ್ನ! ಯಾವ ಪುಣ್ಯಾತ್ಮ ಮುಟ್ಟಿದ್ದು? ಇಂಜಿನ್ ಟಕಟಕ ಅಂತಿದೆ, ಟ್ಯಾಪೆಟ್ ಸಡಿಲ ಬಿಟ್ಟಿದ್ದಾನೆ!"

ಹಾಡಹಗಲಲ್ಲಿ, ಅಷ್ಟು ಜನರ ಮುಂದೆ, ಡಾಕ್ಟರಮ್ಮನ ಕಣ್ಣು ತುಂಬಿ ಬಂತು. ಇಷ್ಟು ಸಂತೋಷ ಅವಳಿಗೆ ಎಷ್ಟೋ ದಿನದಿಂದ ಆಗಿರಲಿಲ್ಲ.

ಮೇಲೆ ಹೋಗಿ ನೋಡಿದರೆ ಗಂಡ ಹೆಂಡತಿ ಮುಖಾಮುಖಿ ಕೂತಿದ್ದರು. ಎಡಗಿವಿ ಕೊಂಚ ಮಂದ, ಬಲಗಿವಿ ಮೊದಲಿನಂತೆಯೇ ಇದೆ ಎಂದು ಮೇಸ್ತ್ರಿ ವರದಿ ಒಪ್ಪಿಸಿದ.

"ಮತ್ತೆ ಎಲ್ಲಕ್ಕೂ ಹ್ಞೂಂ ಅಂದಿದ್ದು ಯಾಕ್ರೀ?" ಎಂದಳು ಹೆಂಡತಿ.

"ಸ್ಪ್ಯಾನರ್ ವಿಷಯ ನೀನು ಹೇಳದೇ ಇದ್ದಿದ್ರೆ ನಾನು ಮನೇಲಿ ಮಾತ್ರೆ ನುಂಗಿ ಸಾಯ್ತಿದ್ದೆ ಅಂತ ಆ ಚಿಕ್ಕ ಡಾಕ್ಟ್ರೇ ಹೇಳಿದ್ರು. ಅದಕ್ಕೇ ಇನ್ಮೇಲೆ ನೀನು ಹೇಳಿದ್ದಕ್ಕೆಲ್ಲ ಹ್ಞೂಂ ಅನ್ನೋಣ ಅಂತ..."

ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡಳು. "ಹಾಗಾದ್ರೆ ಅಕ್ಕಂಗೆ ಫೋನ್ ಮಾಡ್ಲಾ? ಒಂದು ತಿಂಗಳು?"

ಮೇಸ್ತ್ರಿ ಸೂರು ನೋಡಿದ. ಡಾಕ್ಟರಮ್ಮನ ಮುಖ ನೋಡಿದ. ಅಲ್ಲಿ ಯಾವ ಸಹಾಯವೂ ಸಿಗಲಿಲ್ಲ.

"ತಿಂಗಳು ಯಾಕೆ?" ಎಂದ ಕೊನೆಗೆ. "ಒಂದು ವಾರ ಸಾಕು."

ಹೆಂಡತಿಯ ಮುಖ ಅರಳಿತು. ಗಂಡ ವಾಸಿಯಾದನೆಂದು ಅವಳಿಗೆ ಆಗ ನಂಬಿಕೆ ಬಂತು.