ಮಾವನ ಮಹಾಧಮನಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಹಿರಿಯರ ಹೊಟ್ಟೆಯೊಳಗಿನ ಸಂಗತಿಯನ್ನು ಸೊಸೆಯಾದವಳು ಹೊರಗೆ ಹೇಳಬಾರದು. ಅದೂ ಹಗಲಲ್ಲಿ ಆಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಬರೆದು, ಸಂಜೆ ತರಗತಿಯಲ್ಲಿ ಸ್ಕ್ಯಾನಿಂಗ್ ಕಲಿಯುವ ನನ್ನಂಥವಳು. ಆದರೂ ತಪ್ಪು ನನ್ನದೇ ಆದ್ದರಿಂದ ನಾನೇ ಹೇಳಬೇಕು.

ನಮ್ಮ ಮೇಷ್ಟ್ರು ಸ್ಕ್ಯಾನಿಗೆ ಬೇಕಾದ ಜೆಲ್ಲಿಯನ್ನು ಕಣ್ಣಿಗೆ ಬಿಡುವ ಔಷಧದಂತೆ ತೊಟ್ಟು ತೊಟ್ಟಾಗಿ ಕೊಡುತ್ತಿದ್ದರು. ಹಾಗಾಗಿ ಅವರು ಜೆಲ್ಲಿ ಮೇಷ್ಟ್ರು. ಒಂದು ದಿನ ಅವರು, ಪ್ರತಿಯೊಬ್ಬರೂ ಮನೆಯವರೊಬ್ಬರನ್ನು ಖಾಲಿ ಹೊಟ್ಟೆಯಲ್ಲಿ ಕರೆತರಬೇಕೆಂದರು. ನನ್ನ ಗಂಡ ಹಸಿವು ತಡೆಯುವ ಪೈಕಿ ಅಲ್ಲ. ಅತ್ತೆ ಒಪ್ಪಲಿಲ್ಲ. ಉಳಿದವರು ಮಾವ.

ಮಾವನ ಗಂಟಲು ನಾಲ್ಕು ಮನೆಗೆ ಕೇಳುವಂಥದ್ದು. ನಲ್ಲಿ ತೊಟ್ಟಿಕ್ಕಿದರೆ ನಲ್ಲಿಗೆ ಬೈಯುತ್ತಿದ್ದರು, ನಿಂತರೆ ನಿಂತದ್ದಕ್ಕೆ. ಅತ್ತೆ ಅವರ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಉತ್ತರವನ್ನೆಲ್ಲ ಪಾತ್ರೆಗಳೇ ಕೊಡುತ್ತಿದ್ದವು.

"ಏನಮ್ಮಾ, ಹಸಿದ ಹೊಟ್ಟೆ ಮೇಲೆ ಇಸ್ತ್ರಿ ಹಾಕ್ತೀಯಾ?" ಎನ್ನುತ್ತಲೇ ಮಾವ ತರಗತಿಯ ಮಂಚದ ಮೇಲೆ ಒರಗಿದರು.

ಮೊದಲು ಬೆನ್ನುಮೂಳೆ ಹುಡುಕಬೇಕು: ಬಿಳಿ ಕಮಾನು, ಅದರ ಹಿಂದೆ ಕಪ್ಪು ನೆರಳು. ಕಮಾನಿನ ಮುಂದೆ ಎರಡು ಕಪ್ಪು ವೃತ್ತಗಳು. ಮಾವನ ಎಡಕ್ಕಿರುವುದು, ಅಂದರೆ ಪರದೆಯ ಬಲಕ್ಕೆ ಕಾಣುವುದು, ಮಹಾಧಮನಿ, ಇನ್ನೊಂದು ಮಹಾಸಿರೆ. ಅನುಮಾನವಿದ್ದರೆ ಒತ್ತಿ ನೋಡಬೇಕು. ಒತ್ತಿದೆ. ಸಿರೆ ಚಪ್ಪಟೆಯಾಗಿ ಅತ್ತೆಯ ಹಾಗೆ ತೆಪ್ಪಗಾಯಿತು. ಧಮನಿ ಮಾವನ ಹಾಗೆ ಕುಣಿಯುತ್ತಲೇ ಇತ್ತು.

ಹೊಕ್ಕುಳಿನ ಹತ್ತಿರ, ಧಮನಿ ಎರಡು ಕವಲಾಗುವುದಕ್ಕೆ ಸ್ವಲ್ಪ ಮೇಲೆ, ಕರುಳಿನ ಗಾಳಿ ಅಡ್ಡ ಬಂತು. ಗಾಳಿ ಇದ್ದಲ್ಲಿ ಏನೂ ಕಾಣುವುದಿಲ್ಲ. ಮಾವ ಸದ್ದು ಮಾಡಿ ಒಂದಿಷ್ಟನ್ನು ಹೊರಗೆ ಕಳಿಸಿ ವಿದ್ಯೆಗೆ ನೆರವಾದರು. ಸಾಲಲಿಲ್ಲ. ನಾನು ಸ್ಕ್ಯಾನ್ ಹಿಡಿದ ಕೈ ವಾರೆ ಮಾಡಿ, ಸಂದಿಯಿಂದ ಇಣುಕಿ ಧಮನಿಯ ಅಗಲ ಅಳೆದೆ. ಮೂರೂವರೆ ಸೆಂಟಿಮೀಟರ್. ಎರಡರ ಆಸುಪಾಸು ಇರಬೇಕಾದದ್ದು. ಮೂರು ಮುಟ್ಟಿದರೆ ಡಾಕ್ಟರಿಗೆ ತೋರಿಸಬೇಕು.

"ಎಷ್ಟಂತೆ?"

ಕಲಿಯುವವರು ಬಾಯಿ ಬಿಡಬಾರದು. ಬಿಟ್ಟೆ. "ಸ್ವಲ್ಪ ಅಗಲ ಇದೆ ಮಾವ."

"ಒಡೆದು ಹೋಗುತ್ತಾ?"

"ಅಯ್ಯೋ, ಈಗೇನಿಲ್ಲ. ಬಿಪಿ ಏರಬಾರದು ಅಷ್ಟೆ. ಕೂಗಾಡಬೇಡಿ."

ಪಕ್ಕದ ಮಂಚದವರೊಡನೆ ಜೆಲ್ಲಿ ಬಾಟಲಿಗಾಗಿ ಜಗಳವಾಡುತ್ತಿದ್ದ ಮೇಷ್ಟ್ರು ಚಿತ್ರದ ಮೇಲೆ ಕಣ್ಣಾಡಿಸಿ, "ಡಾಕ್ಟರಿಗೆ ತೋರಿಸಮ್ಮ" ಎಂದರು. ಡಾಕ್ಟರು ಸಿಗುವುದು ಆರು ವಾರ ಕಳೆದ ಮೇಲೆ ಎಂದು ತಿಳಿಯಿತು.

ಅಂದಿನಿಂದ ಮಾವ ಪಿಸುಮಾತಿಗಿಳಿದರು. ನಲ್ಲಿಗೂ "ಇರಲಿ ಬಿಡಪ್ಪ" ಎಂದರು. ಎರಡನೇ ವಾರ ಅತ್ತೆ, "ನೀರು ಬೇಕಾ?" ಎಂದು ಕೇಳಿದರು. ನಾಲ್ಕನೇ ವಾರದ ಹೊತ್ತಿಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಎದುರುಮನೆಯವರನ್ನು ಆಡಿಕೊಳ್ಳತೊಡಗಿದ್ದರು.

ಐದನೇ ವಾರ ಅತ್ತೆ ಸೌತೆಕಾಯಿ ಹೆಚ್ಚುತ್ತಿದ್ದರು. ನೇರ ಹೆಚ್ಚಿದ ಬಿಲ್ಲೆ ದುಂಡಗೆ, ವಾರೆ ಹೆಚ್ಚಿದ್ದು ಉದ್ದಕ್ಕೆ. ಓಡಿಹೋಗಿ ಚೀಲದಲ್ಲಿದ್ದ ಸ್ಕ್ಯಾನಿನ ಚಿತ್ರ ತೆಗೆದು ನೋಡಿದೆ. ಮಾವನ ಧಮನಿ ದುಂಡಗಿರದೆ ಮೊಟ್ಟೆಯಂತಿತ್ತು. ನಾನು ಅಳೆದದ್ದು ಮೊಟ್ಟೆಯ ಉದ್ದವನ್ನು.

ಮರುದಿನವೇ ಮಾವನನ್ನು ಮತ್ತೆ ಮಲಗಿಸಿದೆ. ಈ ಸಲ ಮೇಷ್ಟ್ರು ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ನಿಂತರು. ಗಾಳಿ ಸರಿಯುವವರೆಗೂ ಮೆಲ್ಲಗೆ ಒತ್ತಿ ಹಿಡಿದು ನೇರವಾಗಿ ಅಳೆದೆ. ಎರಡು ದಶಮಾಂಶ ಒಂದು. ಮೇಷ್ಟ್ರೂ ಅಳೆದರು, ಅಷ್ಟೇ. "ಕುದುರೆ ಹಾಗಿದೀರಿ ಯಜಮಾನ್ರೇ!"

ಮಾವ ಹಿಗ್ಗಲಿಲ್ಲ. ಹೊರಗೆ ಬಂದಮೇಲೆ ನನ್ನ ಚೀಲದ ಪಟ್ಟಿ ಹಿಡಿದು ನಿಲ್ಲಿಸಿದರು. "ಮನೇಲಿ ಹೇಳ್ಬೇಡ ಕಣಮ್ಮಾ."

"ಸುಳ್ಳು ಹೇಗೆ ಹೇಳಲಿ ಮಾವ? ಅತ್ತೆ ರಾತ್ರಿ ಎರಡೆರಡು ಸಲ ಎದ್ದು ನಿಮ್ಮ ಉಸಿರು ನೋಡ್ತಾರೆ."

"ಅದಕ್ಕೇ ಹೇಳ್ಬೇಡ ಅಂದಿದ್ದು."

ದಾರಿಯುದ್ದಕ್ಕೂ ತೂಗಿ ನೋಡಿದೆ. ಹೇಳಿದರೆ ಮನೆಯ ನೆಮ್ಮದಿ ಮಣ್ಣುಪಾಲು; ಹೇಳದಿದ್ದರೆ ಅತ್ತೆಯ ನಿದ್ದೆ. ಬಾಗಿಲಲ್ಲೇ ಒದರಿಬಿಟ್ಟೆ: "ಅತ್ತೆ, ನಾನು ವಾರೆ ಅಳೆದಿದ್ದೆ. ಮಾವನಿಗೆ ಏನೂ ಆಗಿಲ್ಲ."

ಅತ್ತೆ ಕೈಯಲ್ಲಿದ್ದ ಪಾತ್ರೆಯನ್ನು ನೋಡಿದರು. ಕುಕ್ಕುತ್ತಾರೆಂದು ನಾನೂ ಮಾವನೂ ಕಣ್ಣು ಮುಚ್ಚಿದೆವು. ಸದ್ದಿಲ್ಲದೆ ಕೆಳಗಿಟ್ಟರು.

"ಒಂದ್ಸಲ ತಪ್ಪಿದವಳು ಇನ್ನೊಂದ್ಸಲ ತಪ್ಪಲ್ಲ ಅಂತ ಏನು ಗ್ಯಾರಂಟಿ? ಆರು ವಾರ ಬಿಟ್ಟು ಮತ್ತೆ ಅಳೆ. ಅಲ್ಲೀತನಕ ಇವರು ಕೂಗಾಡೋ ಹಾಗಿಲ್ಲ."

"ಆಗ್ಲಿ ಕಣೇ," ಎಂದರು ಮಾವ, ಪಿಸುದನಿಯಲ್ಲಿ.

ಮೇಷ್ಟ್ರೇ ಅಳೆದಿದ್ದಾರೆ ಎಂದು ನಾನು ಎರಡು ಸಲ ಹೇಳಿದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಅತ್ತೆ ನಿಜವಾಗಿಯೂ ನನ್ನ ಕೈಯನ್ನು ನಂಬಲಿಲ್ಲವೋ, ನಂಬಿಯೂ ಹಾಗೆಂದರೋ, ನನಗೆ ಇಂದಿಗೂ ತಿಳಿಯದು. ಕೇಳುವ ಧೈರ್ಯವಾಗಿಲ್ಲ.