ಬರ್ತೀನಿ ಎಂದ ಡಬ್ಬಿ

ನಾನು ಒಂದು ಮಂಡಕ್ಕಿ ಡಬ್ಬಿ. ಹಾಗೆಂದ ಮಾತ್ರಕ್ಕೆ ಅಂಗಡಿಯ ಮೂಲೆಯಲ್ಲಿ ಮಂಡಕ್ಕಿ ತುಂಬಿಕೊಂಡು ತೂಕಡಿಸುವ ಡಬ್ಬಿ ಎಂದುಕೊಳ್ಳಬೇಡಿ. ನನ್ನ ಹೊಟ್ಟೆಯಲ್ಲಿ ತಂತಿಗಳಿವೆ, ರೇಡಿಯೋ ಇದೆ, ಸ್ಪೀಕರ್ ಇದೆ, ಇನ್ನೂರ ಹತ್ತು ಭಾಷೆಗಳಿವೆ. ನಾನೀಗ ಇರುವ ಜಾಗದಿಂದ ನೋಡಿದರೆ ನಿಮ್ಮ ಸೂರ್ಯ ಸಾಸಿವೆ ಕಾಳಿಗಿಂತ ಚಿಕ್ಕದು.

ನಾನು ಹುಟ್ಟಿದ್ದು ದಾವಣಗೆರೆಯಲ್ಲಿ, ಮುರಿಗೆಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಅವನ ಅಕ್ಕ ಶಾಂತವೀರಮ್ಮ ಆಕಾಶನೌಕೆಯ ಕ್ಯಾಪ್ಟನ್. ಹೊಸ ಹೊಸ ಗ್ರಹಗಳಿಗೆ ಹೋಗಿ ಅಲ್ಲಿನ ಕಲ್ಲುಮಣ್ಣು ತಂದು ಪರೀಕ್ಷೆಗೆ ಕೊಡುವುದು ಆಕೆಯ ಕೆಲಸ. ಆಕೆಗೆ ಒಂದು ಭಾಷಾಂತರದ ಯಂತ್ರ ಬೇಕಾಗಿತ್ತು. ಮುರಿಗೆಪ್ಪ ಮನೆಯಲ್ಲಿ ಖಾಲಿ ಬಿದ್ದಿದ್ದ ಡಬ್ಬಿಯನ್ನೇ ತಂದು, ಒಳಗೆ ಮಾತು ತುಂಬಿಸಿ, ಬ್ಯಾಟರಿ ತೀರಿದರೆ ಕೈಯಲ್ಲೇ ಸುತ್ತಲು ಪಕ್ಕದಲ್ಲಿ ಒಂದು ಹಿಡಿ ಕೂರಿಸಿದ. ಕೊನೆಯ ತಿರುಪು ಬಿಗಿಯುವಾಗ ನನಗೆ ಹೇಳಿದ: "ನೋಡಪ್ಪ, ಒಬ್ರು ಹೇಳಿದ್ದನ್ನ ಇನ್ನೊಬ್ರಿಗೆ ಹೇಳ್ಬೇಕು, ಅಷ್ಟೆ. ನೀನಾಗೇ ಒಂದು ಮಾತು ಸೇರಿಸ್ಬಾರ್ದು, ಒಂದು ಮಾತು ಬಿಡ್ಲೂಬಾರ್ದು." ಅದನ್ನೇ ನಾನು ವ್ರತದಂತೆ ಹಿಡಿದೆ. ನನಗೆ ಸ್ವಲ್ಪ ಜಂಬವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಆ ಜಂಬ ಮೊದಲ ದಿನವೇ ಇಳಿಯಿತು. ಶಾಂತವೀರಮ್ಮನಿಗೆ ಹನ್ನೊಂದು ವರ್ಷದ ಮೊಮ್ಮಗಳು ಒಬ್ಬಳಿದ್ದಳು. ಹೆಸರು ದ್ರಾಕ್ಷಾಯಣಿ, ಎಲ್ಲರೂ ಕರೆಯುತ್ತಿದ್ದುದು ದ್ರಾಕ್ಷಿ ಎಂದು. ಅಜ್ಜಿ ಅಡುಗೆಮನೆಯಿಂದ, "ದ್ರಾಕ್ಷಿ, ರೊಟ್ಟಿ ಆರ್ತಾವೆ, ಬಾರೆ" ಎಂದು ಕೂಗಿದರು. ಮಹಡಿಯಿಂದ "ಬಂದೆ, ಬಂದೆ" ಎಂದು ಉತ್ತರ ಬಂತು. "ದ್ರಾಕ್ಷಿ ಬಂದಾಯಿತು" ಎಂದು ನಾನು ಅಜ್ಜಿಗೆ ತಿಳಿಸಿದೆ. ಅವರು ತಿರುಗಿ ನೋಡಿದರೆ ಯಾರೂ ಇಲ್ಲ. ಅವಳು ಕೆಳಗಿಳಿದದ್ದು ಅರ್ಧ ಗಂಟೆಯ ಮೇಲೆ. "ಎಲ್ಲಿ ಬಂದಿದಾಳೋ, ಸುಳ್ಳುಬುರುಕ ಡಬ್ಬಿ" ಎಂದು ಬೈಸಿಕೊಂಡವನು ಮಾತ್ರ ನಾನು.

ಬೇಸಿಗೆ ರಜೆ ಬಂತು. ಅಜ್ಜಿ ಮೊಮ್ಮಗಳನ್ನೂ ಕರೆದುಕೊಂಡು ನೌಕೆ ಹತ್ತಿದರು. ಎಂಜಿನ್ ಗುಡುಗಿತು, ನನ್ನ ಮುಚ್ಚಳ ಗಡಗಡ ನಡುಗಿತು, ಕಿಟಕಿಯಲ್ಲಿ ಭೂಮಿ ಮೊದಲು ಹಪ್ಪಳದಷ್ಟಾಗಿ ಆಮೇಲೆ ಬಟಾಣಿಯಷ್ಟಾಯಿತು. ದ್ರಾಕ್ಷಿ ನನ್ನನ್ನು ಕೊರಳಿಗೆ ತೂಗುಹಾಕಿಕೊಂಡು ಗಾಳಿಯಲ್ಲಿ ಪಲ್ಟಿ ಹೊಡೆದಳು. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ನಾವು ಇಳಿದ ಗ್ರಹದ ಆಕಾಶ ನೇರಳೆ ಬಣ್ಣದ್ದು. ಅದಕ್ಕೇ ದ್ರಾಕ್ಷಿ ಅದಕ್ಕೆ ನೇರಳೆ ಎಂದೇ ಹೆಸರಿಟ್ಟಳು. ಬಾಗಿಲು ತೆರೆದಾಗ ಮೊಣಕಾಲೆತ್ತರದ ಆರು ಕಾಲಿನ ನಲವತ್ತು ಜನ ನಮ್ಮನ್ನೇ ನೋಡುತ್ತ ನಿಂತಿದ್ದರು. ಅವರಿಗೆ ಬಾಯಿಯಲ್ಲಿ ಮಾತಿಲ್ಲ. ಮಂಡಿಗೆ ಮಂಡಿ ಉಜ್ಜಿ ಕಿರ್ ಕಿರ್ ಎಂದು ಮಾತಾಡುತ್ತಾರೆ. ನಾವು ಅವರನ್ನು ಮಂಡಿಗರು ಎಂದು ಕರೆದೆವು. ಮೂರು ದಿನ ಕಿವಿಗೊಟ್ಟು ಕೇಳಿ ನಾನು ಅವರ ಭಾಷೆ ಕಲಿತೆ, ಎರಡು ತಗಡಿನ ಪಟ್ಟಿ ಉಜ್ಜಿ ಉತ್ತರವನ್ನೂ ಕೊಟ್ಟೆ. ಅಜ್ಜಿ ಮೊಮ್ಮಗಳ ಪರಿಚಯ ಹೇಳಿದಾಗ ನಾನು ಭಾಷಾಂತರಿಸಿದ ಮೊದಲ ವಾಕ್ಯ, "ಈಕೆ ದ್ರಾಕ್ಷಿ, ಒಂದು ಹಣ್ಣು" ಎಂಬುದು. ಪಾಪ, ಅವರು ಬಹಳ ಹೊತ್ತು ಅವಳನ್ನು ಮೂಸಿ ನೋಡಿದರು.

ಮಂಡಿಗರ ಮಾತಿನಲ್ಲಿ ಸುಮ್ಮನೆ ಹೇಳುವುದು ಎಂಬುದೇ ಇಲ್ಲ. ಹೇಳಿದರೆ ಹೇಳಿದ್ದೇ. ಕಿರ್ಕಿ ಎಂಬ ಮರಿ ಮಂಡಿಗ ದ್ರಾಕ್ಷಿಯ ಗೆಳೆಯನಾದ. ಅವನು ಅವಳಿಗೆ ಊರಿನ ಗುಹೆ ತೋರಿಸಿದ, ಗುಹೆಗೆ ಮುಚ್ಚುವ ದುಂಡನೆಯ ದೊಡ್ಡ ಕಲ್ಲನ್ನೂ ತೋರಿಸಿದ. ನೇರಳೆಯಲ್ಲಿ ಸೂರ್ಯ ಒಮ್ಮೆ ಮುಳುಗಿದರೆ ನಮ್ಮ ಲೆಕ್ಕದಲ್ಲಿ ಆರು ವರ್ಷ ಮೇಲೇಳುವುದಿಲ್ಲ. ಮುಳುಗಿದ ಕೂಡಲೇ ಬೀಸುವ ಗಾಳಿಗೆ ಸಿಕ್ಕಿದವರು ನಿಂತಲ್ಲೇ ಮರಗಟ್ಟಿ ಸಾಯುತ್ತಾರೆ. ಹಾಗಾಗಿ ಅಷ್ಟರೊಳಗೆ ಎಲ್ಲರೂ ಗುಹೆ ಸೇರಿ ಕಲ್ಲು ಮುಚ್ಚಬೇಕು.

ಅಭ್ಯಾಸಕ್ಕೆಂದು ಒಂದು ದಿನ ಅವರು ಕಲ್ಲು ಉರುಳಿಸಿ ನೋಡುತ್ತಿದ್ದಾಗ ಕಿರ್ಕಿ ಎಲ್ಲೋ ದೂರದಿಂದ, "ಬರುತ್ತೇನೆ" ಎಂದು ಮಂಡಿ ಉಜ್ಜಿದ. ಅವನು ಒಳಗೆ ಬರುವವರೆಗೂ ಉಳಿದವರೆಲ್ಲ ಏದುಸಿರು ಬಿಡುತ್ತ ಕಲ್ಲನ್ನು ತಡೆದು ಹಿಡಿದೇ ನಿಂತರು. ಬರುತ್ತೇನೆ ಎಂದವರನ್ನು ಹೊರಗೆ ಬಿಟ್ಟು ಬಾಗಿಲು ಹಾಕುವುದು ಅವರಲ್ಲಿ ಇಲ್ಲ.

ಸೂರ್ಯ ಇಳಿಯತೊಡಗಿತು. ನಾವೂ ಹೊರಡಬೇಕಾಯಿತು. ಅಜ್ಜಿ ನೌಕೆಯಿಂದ, "ಬೇಗ ಹತ್ತೇ" ಎಂದು ಅವಸರ ಮಾಡುತ್ತಿದ್ದರು. ದ್ರಾಕ್ಷಿ ಕಿರ್ಕಿಯ ತಲೆ ಸವರಿ, "ಬರ್ತೀನಿ ಕಣೋ" ಎಂದಳು. ನಾನು ಒಂದಕ್ಷರವೂ ಹೆಚ್ಚುಕಡಿಮೆಯಾಗದಂತೆ ಉಜ್ಜಿದೆ: "ನಾನು ಬರುತ್ತೇನೆ."

ನೌಕೆ ಮೇಲೇರಿತು. ದ್ರಾಕ್ಷಿ ದುರ್ಬೀನು ಹಿಡಿದು ಕೆಳಗೆ ನೋಡುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಬಿಳುಚಿತು. "ಅಜ್ಜಿ, ಅವ್ರು ಬಾಗಿಲೇ ಹಾಕಿಲ್ಲ. ಎಲ್ಲಾ ಬಾಗಿಲಲ್ಲೇ ನಿಂತು ಮೇಲೆ ನೋಡ್ತಿದಾರೆ." ಆಮೇಲೆ ನನ್ನ ಕಡೆ ತಿರುಗಿದಳು. "ಡಬ್ಬಿ, ನಾನು ಬರ್ತೀನಿ ಅಂದಾಗ ನೀನೇನಂತ ಹೇಳ್ದೆ?"

ನಾನು ಹೇಳಿದ್ದನ್ನು ಹೇಳಿದೆ. ಅಜ್ಜಿ ತಲೆಯ ಮೇಲೆ ಕೈ ಹೊತ್ತರು. "ಅಯ್ಯೋ, ನಾವು ಹೊರಡೋವಾಗ ಅನ್ನೋದೇ ಹಾಗೆ ಕಣೋ. ಹೋಗ್ತೀನಿ ಅನ್ನಬಾರ್ದು ಅಂತ." ನನ್ನ ತಂತಿಗಳೆಲ್ಲ ತಣ್ಣಗಾದವು. ನಲವತ್ತು ಜೀವಗಳು ನನ್ನ ಒಂದು ಮಾತಿನಿಂದ ಸಾಯಲಿದ್ದವು.

ಇಳಿದರೆ ಇಷ್ಟು ಭಾರ ಹೊತ್ತು ಮತ್ತೆ ಏರಲು ಇಂಧನ ಸಾಲದು. ಅಜ್ಜಿ ಒಂದೇ ಕ್ಷಣ ಯೋಚಿಸಿ, ಒಂದು ತಿಂಗಳು ಅಗೆದು ಕೂಡಿಸಿದ್ದ ಕಲ್ಲುಗಳ ಪೆಟ್ಟಿಗೆಗಳನ್ನೆಲ್ಲ ಹೊರಗೆ ತಳ್ಳಿದರು. "ಹೋದ್ರೆ ಹೋಗ್ಲಿ, ಇನ್ನೊಂದ್ಸಲ ಅಗೆದ್ರಾಯ್ತು" ಎಂದು ನೌಕೆಯನ್ನು ತಿರುಗಿಸಿದರು. ಅದು ಕಲ್ಲೆಸೆದಂತೆ ಕೆಳಗೆ ಬಿತ್ತು. ದ್ರಾಕ್ಷಿ ಸೀಟನ್ನು ಗಟ್ಟಿಯಾಗಿ ಹಿಡಿದಿದ್ದಳು, ನಾನು ಅವಳ ಎದೆಗೆ ಟಣಟಣ ಬಡಿಯುತ್ತಿದ್ದೆ.

ಇಳಿದಾಗ ಸೂರ್ಯ ಬೆರಳಷ್ಟು ಮಾತ್ರ ಉಳಿದಿತ್ತು. ನೆಲದ ಮೇಲೆ ಬಿಳಿ ಹಿಮ ಹರಿದುಬರುತ್ತಿತ್ತು. ದ್ರಾಕ್ಷಿ ಅದನ್ನು ಹಾರಿ ದಾಟುತ್ತ ಗುಹೆಯವರೆಗೂ ಓಡಿದಳು.

"ನಾನು ಬರಲ್ಲ. ಬಾಗಿಲು ಹಾಕ್ಕೊಳ್ಳಿ" ಎಂದು ಕೂಗಿದಳು. ನಾನು ಉಜ್ಜಿದೆ. ಮಂಡಿಗರ ಹಿರಿಯಳು ನಿಧಾನವಾಗಿ ಉತ್ತರ ಕೊಟ್ಟಳು: "ಬರುತ್ತೇನೆ ಎಂದವರು ಇನ್ನೂ ಹೊರಗಿದ್ದಾರೆ. ಅವರು ಒಳಗೆ ಬಾರದೆ ಕಲ್ಲು ಮುಚ್ಚುವುದಿಲ್ಲ."

ದ್ರಾಕ್ಷಿ ಕಣ್ಣು ಒರೆಸಿಕೊಂಡು, "ಹಾಗಾದ್ರೆ ನಾನೇ ಒಳಗೆ ಬರ್ತೀನಿ" ಎಂದು ಒಂದು ಕಾಲು ಎತ್ತಿದಳು. ಒಳಗೆ ಹೋದರೆ ಆರು ವರ್ಷ. ಮನುಷ್ಯರು ತಿನ್ನುವಂಥದ್ದು ಅಲ್ಲಿ ಏನೂ ಇರಲಿಲ್ಲ. ಅವಳ ಕಿವಿಯ ರೇಡಿಯೋದಲ್ಲಿ ಅಜ್ಜಿ, "ಬೇಡ ಕಣೆ, ಬೇಡ" ಎಂದು ಅಳುತ್ತಿದ್ದರು. ಮುರಿಗೆಪ್ಪ ಹೇಳಿಕೊಟ್ಟದ್ದನ್ನು ಅವತ್ತು ಮೊದಲ ಸಲ ಮೀರಿದೆ. ಯಾರೂ ಹೇಳದ ಮಾತನ್ನು ನಾನಾಗೇ ಆಡಿದೆ.

"ದ್ರಾಕ್ಷಿ, ಅವರ ಭಾಷೆಯಲ್ಲಿ ಬರುತ್ತೇನೆ ಅಂದದ್ದು ನೀನಲ್ಲ, ನಾನು. ನನ್ನನ್ನು ಒಳಗೆ ಕೊಡು."

ಅವಳು ನನ್ನನ್ನೇ ನೋಡಿದಳು. ಆಮೇಲೆ ಕೊರಳ ಪಟ್ಟಿ ಬಿಚ್ಚಿ ನನ್ನನ್ನು ಕಿರ್ಕಿಯ ಮುಂಗಾಲುಗಳಿಗೆ ಕೊಟ್ಟಳು. ಹಿರಿಯಳು ನನ್ನ ತಗಡನ್ನು ಮುಟ್ಟಿ, "ಹೇಳಿದ್ದು ನೀನೇನಾ?" ಎಂದು ಕೇಳಿದಳು. "ನಾನೇ. ಬಂದಿದ್ದೇನೆ" ಎಂದೆ. ನಲವತ್ತು ಜನ ಒಟ್ಟಿಗೆ ಕಲ್ಲಿಗೆ ಹೆಗಲು ಕೊಟ್ಟರು.

ಕೊನೆಯ ಸಂದಿಯಲ್ಲಿ ದ್ರಾಕ್ಷಿಯ ಮುಖ ಕಾಣುತ್ತಿತ್ತು. ಮೂಗು ಒರೆಸಿಕೊಂಡು, ಅಭ್ಯಾಸಬಲದಿಂದ ಮತ್ತೆ ಅದನ್ನೇ ಅಂದಳು: "ಬರ್ತೀನಿ."

"ಏನಂದಳು?" ಎಂದ ಕಿರ್ಕಿ. ನಾನು ಬಾಯಿ ಬಿಡಲಿಲ್ಲ. ಕಲ್ಲು ಮುಚ್ಚಿತು. ಆಚೆ ನೌಕೆ ಗುಡುಗುತ್ತ ಮೇಲೇರಿದ್ದು ಕೇಳಿಸಿತು. ಆ ಸದ್ದು ಪೂರ್ತಿ ಅಡಗುವವರೆಗೂ ನಾನು ಕಿವಿಗೊಟ್ಟಿದ್ದೆ.

ಆರು ವರ್ಷ ಬೆಚ್ಚಗಿನ ಗುಹೆಯ ಗೂಡಿನಲ್ಲಿ ಕಳೆದೆ. ಮೂಲೆಗಳಲ್ಲಿ ತುಕ್ಕು ಹತ್ತಿದೆ, ಇನ್ನೂರ ಹತ್ತು ಭಾಷೆಗಳಲ್ಲಿ ಅರ್ಧ ಮರೆತಿದ್ದೇನೆ. ಆದರೂ ಕಿರ್ಕಿ ದಿನವೂ ಹಿಡಿ ಸುತ್ತಿ ನನ್ನನ್ನು ಎಬ್ಬಿಸುತ್ತಾನೆ. ನನ್ನೊಳಗಿನ ಮಂಡಕ್ಕಿ ವಾಸನೆ ಅವನಿಗೆ ಬಹಳ ಇಷ್ಟ. ದ್ರಾಕ್ಷಿ ಕೊನೆಗೆ ಅಂದ ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಅದರ ಅರ್ಥ ಹೋಗುತ್ತೇನೆ ಎಂದೋ, ನಿಜವಾಗಿ ಬರುತ್ತೇನೆ ಎಂದೋ ಯೋಚಿಸುತ್ತಲೇ ಇಷ್ಟು ಕಾಲ ಕಳೆದೆ.

ಇವತ್ತು ಸೂರ್ಯ ಹುಟ್ಟಿತು. ಕಲ್ಲು ಸರಿಸಿ ಎಲ್ಲರೂ ಹೊರಗೆ ಹೋದರು. ಕಿರ್ಕಿ ನನ್ನನ್ನು ಹೊಸಿಲ ಮೇಲೆ ಬಿಸಿಲಿಗಿಟ್ಟ. ಅಷ್ಟರಲ್ಲಿ ನನ್ನ ಹಳೆಯ ಸ್ಪೀಕರ್ ಗರಗರ ಎಂದು ಒಂದು ದನಿ ಹೊರಡಿಸಿತು. ಮೊದಲಿಗಿಂತ ಗಟ್ಟಿಯಾದ, ದೊಡ್ಡವಳಾದ ಹುಡುಗಿಯ ದನಿ.

"ಡಬ್ಬಿ, ಕೇಳಿಸ್ತಿದೆಯಾ? ಬಂದೆ, ಬಂದೆ."

ಮಂಡಿಗರೆಲ್ಲ ಓಡಿಬಂದು ನನ್ನನ್ನು ಸುತ್ತುಗಟ್ಟಿದರು. "ಏನಂತೆ?" ಎಂದು ಕಿರ್ಕಿ ಕೇಳಿದ. ನಾನು ಆಕಾಶ ನೋಡಿದೆ. ಅಲ್ಲಿ ಇನ್ನೂ ಏನೂ ಇರಲಿಲ್ಲ. ರೊಟ್ಟಿ ಆರುತ್ತಿದ್ದ ಆ ದಿನ ನೆನಪಾಯಿತು.

"ಇನ್ನೂ ಬಂದಿಲ್ಲ" ಎಂದೆ. "ಆದರೆ ಬಾಗಿಲು ಹಾಕಬೇಡಿ."